ಕಾಶೀಬಾಯಿ ಕಾಕಿ ಕೊಟ್ಟ ಕೆಂಡ

ಶಾವಿಗೆ ತೆಗೆಯಲೆಂದು ಸಂಜೆ ಮಾಳಿಗೆ ಹತ್ತಿದ್ದೆ. ಬೀದರದ ಬೇಸಿಗೆಯಲ್ಲಿ ಶಾವಿಗೆ ಒಣಗಿಸುವ ಕೆಲಸವನ್ನು ಸೂರ್ಯನೇ ಮುಗಿಸುತ್ತಾನೆ, ನಮ್ಮದೇನಿದ್ದರೂ ಕಾಗೆಗಳ ಜೊತೆ ವಾದ ಮಾಡುವುದು. ಆ ವಾದ ಮುಗಿಸಿ ಬಟ್ಟೆಯ ನಾಲ್ಕು ಮೂಲೆ ಹಿಡಿದು ಎತ್ತಬೇಕು, ಅಷ್ಟರಲ್ಲಿ ಮೂಗಿಗೆ ಒಂದು ವಾಸನೆ ಬಡಿಯಿತು. ಕಾದ ಕೆಂಪು ಕಲ್ಲು, ಎದ್ದ ಧೂಳು, ಎಲ್ಲೋ ದೂರದಲ್ಲಿ ನಾಲ್ಕು ಹನಿ ಬಿದ್ದು ಇಲ್ಲಿ ಒಂದೂ ಬೀಳದೆ ಹೋದಾಗ ಬರುವ ವಾಸನೆ. ತಲೆ ಎತ್ತಿದರೆ ಉತ್ತರಕ್ಕೆ, ಔರಾದದ ಕಡೆಗೆ, ಮೋಡ ಕಪ್ಪಗೆ ಕೂತಿತ್ತು. ಅದರೊಳಗೆ ಮಿಂಚು ಓಡಾಡುತ್ತಿತ್ತು. ಸದ್ದು ಇನ್ನೂ ನಮ್ಮ ತನಕ ಬಂದಿರಲಿಲ್ಲ.

“ಅತ್ತಿ, ಮಳಿ ಬರ್ತದೇನ್ರಿ?” ಕೆಳಗಿನಿಂದ ಸೊಸೆ ಕೂಗಿದಳು.

“ಮಳಿ ಬರಂಗಿಲ್ಲವ್ವಾ. ಬರೇ ಸಿಡ್ಲ ಬರ್ತದ,” ಅಂದೆ.

ಮಳೆಯಿಲ್ಲದ ಸಿಡಿಲು ಅಂದರೆ ನಿಮಗೆ ಏನನ್ನಿಸುತ್ತದೋ ನನಗೆ ಗೊತ್ತಿಲ್ಲ. ಕೆಲವರು ಕಿಟಕಿ ಮುಚ್ಚುತ್ತಾರೆ, ಕೆಲವರು ಟಿವಿಯ ವೈರು ಕೀಳುತ್ತಾರೆ. ನನಗೆ ಮಾತ್ರ ಅಂಗಾಲು ತುರಿಸುತ್ತದೆ, ಬೂಟು ಹಾಕಿಕೊಂಡು ಹೊರಡಬೇಕು ಅನಿಸುತ್ತದೆ. ಅರಣ್ಯ ಇಲಾಖೆಯಲ್ಲಿ ಇಡೀ ನೌಕರಿ ಮಾಡಿ ಮನೆಯಲ್ಲಿ ಕುಳಿತವಳಿಗೆ ಈಗ ಬೂಟೂ ಇಲ್ಲ, ಹೊರಡು ಅನ್ನುವವರೂ ಇಲ್ಲ. ಆದರೂ ಕಾಲು ಕೇಳಬೇಕಲ್ಲ!

ನಾನು ಭಾಲ್ಕಿಯವಳು. ಈ ನೌಕರಿ ಸಿಕ್ಕ ದಿನ ಊರಿಗೆಲ್ಲ ಪೇಢೆ ಹಂಚಿದ ನನ್ನ ಅವ್ವ, ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದ್ದಳು: “ಖರೆ ಹೇಳ ಮಗಳ, ಬೀದರ ಜಿಲ್ಲಾದಾಗ ಅಡವಿ ಎಲ್ಲದ? ಇಲ್ಲದ ಅಡವಿ ಕಾಯ್ಲಿಕ್ಕಿ ಸರ್ಕಾರ ಪಗಾರ ಕೊಡ್ತದೇನ?” ತರಬೇತಿಯಲ್ಲಿದ್ದಾಗ ಘಟ್ಟದ ಕಡೆಯ ಗೆಳೆಯರೂ ಬಿಡಲಿಲ್ಲ. ನಮ್ಮ ಗುಡ್ಡದ ಫೋಟೋ ನೋಡಿ, “ಇದು ಕಾಡೋ, ಕ್ಷೌರ ಮಾಡಿಸಿಕೊಂಡ ತಲೆಯೋ?” ಅಂದಿದ್ದರು. ಮಳೆಗಾಲ ಕಳೆದ ಮೇಲೆ ಬಂದು ನೋಡ್ರಪ್ಪ, ಹುಲ್ಲು ನಿಮ್ಮ ಎದೆಗೆ ಬರುತ್ತದೆ ಅಂತ ನಾನೂ ಸರಿಯಾಗಿ ಕೊಟ್ಟಿದ್ದೆ. ಹೇಳದೆ ಉಳಿಸಿಕೊಂಡ ಮಾತು ಬೇರೆ ಇತ್ತು. ಎದೆಯೆತ್ತರದ ಆ ಹುಲ್ಲು ಬೇಸಿಗೆಯಲ್ಲಿ ಒಣಗಿ ನಿಂತಿತೆಂದರೆ, ಯಾವ ದೊಡ್ಡ ಕಾಡಿಗಿಂತಲೂ ಜಲ್ದಿ ಉರಿಯುತ್ತದೆ.

ಔರಾದದಿಂದ ಒಳಗೆ ಹೋದರೆ ಒಂದು ಊರು. ಹೆಸರು ಬೇಡ. ಹೆಸರು ಹಾಕಿದರೆ ನಾಳೆಯೇ ಅಲ್ಲಿಂದ ಫೋನು ಬರುತ್ತದೆ, “ನಮ್ಮ ಊರ ಸುದ್ದಿ ಬರದೀರಿ ಖರೆ, ಅದರಾಗ ನನ್ನ ಹೆಸರ ಯಾಕ ಬಿಟ್ರಿ?” ಅಂತ. ಊರ ಬೆನ್ನಿಗೆ ಒಂದು ಗುಡ್ಡ. ನೆತ್ತಿಯ ಮೇಲೆ ಬರೀ ಬಂಡೆ, ಮುಳ್ಳುಕಂಟಿ. ಅಲ್ಲಿಂದ ಕೆಳಗೆ ಉದ್ದಕ್ಕೆ ಹುಲ್ಲಿನ ಇಳಿಜಾರು. ಇಳಿಜಾರಿನ ನಡುವೆ, ಮಳೆನೀರು ನಿಲ್ಲಲೆಂದು ಯಾವ ಕಾಲದಲ್ಲೋ ಪೇರಿಸಿದ ಕಲ್ಲಿನ ವಡ್ಡು. ವಡ್ಡಿನ ಕೆಳಗೆ ಸೀತಾಫಲದ ಗಿಡಗಳು. ಅವುಗಳ ಬುಡಕ್ಕೆ ಬಂಡಿ ದಾರಿ, ದಾರಿಯ ಆಚೆ ಊರವರ ಕಣಕಿಯ, ಅಂದರೆ ಒಣಗಿದ ಜೋಳದ ದಂಟಿನ, ಬಣವೆಗಳು, ಬಣವೆಗೆ ಆತುಕೊಂಡೇ ಮನೆಗಳು. ಈ ನಕಾಶೆ ಜರಾ ನೆನಪಿಟ್ಟುಕೊಳ್ಳಿ: ಮೇಲೆ ಬಂಡೆ, ನಡುವೆ ವಡ್ಡು, ಕೆಳಗೆ ಬಂಡಿ ದಾರಿ. ಮುಂದಿನ ಜಗಳವೆಲ್ಲ ಇದರ ಮೇಲೆಯೇ.

ಆ ಇಳಿಜಾರು ಕಾಗದದ ಮೇಲೆ ಸರ್ಕಾರದ್ದು. ಹಾಗಂತ ಕಾಶೀಬಾಯಿ ಕಾಕಿಯ ಎದುರು ಹೇಳುವ ಧೈರ್ಯ ಸರ್ಕಾರಕ್ಕೂ ಇರಲಿಲ್ಲ. ಒಂದು ಕಾಲಕ್ಕೆ ಆಡು, ಕುರಿ, ದನ ಸೇರಿ ಅದನ್ನು ಕಲ್ಲು ಕಾಣುವ ಹಾಗೆ ಮೇಯ್ದು ಬಿಟ್ಟಿದ್ದವಂತೆ. ಕಾಕಿ ಊರಿನ ಹತ್ತಾರು ಹೆಂಗಸರನ್ನು ಕಟ್ಟಿಕೊಂಡು, ಪಾಳಿ ಹಚ್ಚಿ, ಕೋಲು ಹಿಡಿದು ಕಾಯಲು ಶುರು ಮಾಡಿದಳು. ಯಾವ ಆಡೂ ಒಳಗೆ ಬರುವಂತಿಲ್ಲ. ಬೇಕಿದ್ದರೆ ಹುಲ್ಲು ಕೊಯ್ದು ಹೊತ್ತುಕೊಂಡು ಹೋಗು. ಗಂಡಸರು ನಕ್ಕು “ಹೆಂಗಸರ ಗುಡ್ಡ” ಅಂತ ಹೆಸರಿಟ್ಟರು. ಕೆಲವೇ ವರ್ಷಕ್ಕೆ ಅಲ್ಲಿ ಹುಲ್ಲು ಎದ್ದು, ಸೀತಾಫಲ ಹಣ್ಣು ಬಿಟ್ಟ ಮೇಲೆ ಹೆಸರು ಅದೇ ಉಳಿಯಿತು, ನಗು ನಿಂತಿತು. ಕಾಕಿ ಗಂಡನಿಲ್ಲದ ಹೆಂಗಸು. ಎರಡು ಎಮ್ಮೆ ಅವಳ ಸಂಸಾರ. ಆ ಎಮ್ಮೆಯ ಹೊಟ್ಟೆ, ಊರಲ್ಲಿ ಅವಳ ಮಾತಿನ ಬೆಲೆ, ಎರಡೂ ಆ ಇಳಿಜಾರಿನ ಮೇಲೆ ನಿಂತಿದ್ದವು.

ಮಾತು ಅಂದೆನಲ್ಲ, ಅದರದ್ದೇ ಒಂದು ಕಥೆ. ತವರು ಖಟಕ ಚಿಂಚೋಳಿ. ಅಲ್ಲಿಯವರೆಲ್ಲ ಹಾಗೋ, ಇವಳೊಬ್ಬಳೇ ಹಾಗೋ, ನಾನರಿಯೆ. ತೊಗರಿ ಚೀಲದ ಜೊತೆ ಬೀದರದ ಗಾಂಧಿ ಗಂಜ್ ಮಾರುಕಟ್ಟೆಗೆ ಬಂದಳೆಂದರೆ ಅಡತಿ ಅಂಗಡಿಯ ದಲ್ಲಾಳಿಗಳು ಮೊದಲು ಚಹಾ ತರಿಸುತ್ತಿದ್ದರಂತೆ. ಬಾಯಿ ಚಹಾದಲ್ಲಿರುವಷ್ಟು ಹೊತ್ತಾದರೂ ಚೌಕಾಶಿ ನಿಲ್ಲುತ್ತದಲ್ಲ ಅಂತ. ನನ್ನ ಜೊತೆಗೂ ಅವಳದು ಸದಾ ತಕರಾರು. ನಾನು ನೆಡಿಸಿದ ಸಸಿಗಳನ್ನು ನೋಡಿ, “ಇವು ಎಮ್ಮಿ ತಿನ್ನಂಗಿಲ್ಲ, ಮನಷ್ಯಾ ತಿನ್ನಂಗಿಲ್ಲ, ಯಾರಿಗಿ ಹಚ್ಚೀರಿ ಮೇಡಮ್ಮೋರ?” ಅಂತ ಎಲ್ಲರ ಎದುರು ಕೇಳಿದವಳು. ನನಗೂ ಬಾಯಿ ಕಮ್ಮಿಯಿರಲಿಲ್ಲ ಬಿಡಿ. ಯೂನಿಫಾರ್ಮಿನ ಬೆಲ್ಟು ಬಿಗಿ ಮಾಡಿಕೊಂಡು ನಾನೂ ನಿಲ್ಲುತ್ತಿದ್ದೆ. ನಮ್ಮ ಗಾರ್ಡ್ ಮಾರುತಿ ಪಾಪ, ನಾವಿಬ್ಬರೂ ಎದುರಾದರೆ ಜೀಪಿನ ಗಾಳಿ ನೋಡುವ ನೆಪದಲ್ಲಿ ಕೆಳಗೆ ಕೂತು ಬಿಡುತ್ತಿದ್ದ.

ಇಂಥದೇ ಒಂದು ಬೇಸಿಗೆಯ ಮಧ್ಯಾಹ್ನ, ಇಂಥದೇ ಮೋಡ. ಮಳೆ ಒಂದು ಹನಿ ಇಲ್ಲ. ಆ ಗುಡ್ಡದ ನೆತ್ತಿಯ ಒಂಟಿ ಬೇವಿನ ಮರಕ್ಕೆ ಸಿಡಿಲು ಬಡಿಯಿತು. ಫೋನು ಬಂದಾಗ ನಾನೂ ಮಾರುತಿಯೂ ಔರಾದದಲ್ಲೇ ಇದ್ದೆವು. ಜೀಪು ಊರು ಮುಟ್ಟುವ ಹೊತ್ತಿಗೆ ಮರ ಉರಿದು, ಮುಳ್ಳುಕಂಟಿ ಹತ್ತಿ, ನೆತ್ತಿಯ ಮೇಲೆಲ್ಲ ಹೊಗೆ. ಗಾಳಿ ಮೇಲಿನಿಂದ ಊರ ಕಡೆಗೇ ಇಳಿಯುತ್ತಿತ್ತು. ಊರಿಗೆ ಊರೇ ಬಂಡಿ ದಾರಿಯಲ್ಲಿ ನಿಂತಿತ್ತು. ಕೊಡ, ಬಕೀಟು, ಕೊಡಲಿ, ಸಿಕ್ಕದ್ದು ಹಿಡಿದುಕೊಂಡು ಗಂಡಸರು ಮೇಲೆ ಓಡಲು ತಯಾರು.

“ಯಾರೂ ಮ್ಯಾಲ ಹತ್ತಬ್ಯಾಡ್ರಿ,” ಅಂದೆ. “ತಲಿ ಮ್ಯಾಲಿಂದು ಉರೀಲಿ. ನಾವು ಕೆಳಗ ಹಿಡಿಯೋಣ.”

ಮಾಣಿಕಪ್ಪ ಅಂತ ಒಬ್ಬರು ಹಿರಿಯ ರೈತರು, ಒಳ್ಳೆಯ ಎತ್ತು ಇದ್ದವರು, ಊರಲ್ಲಿ ನಾಲ್ಕು ಜನ ಕೇಳುವ ಮನುಷ್ಯ. ಅವರಿಗೆ ಸಿಟ್ಟು ನೆತ್ತಿಗೇರಿತು. “ಉರೀಲಿ ಅಂದ್ರ ಹ್ಯಾಂಗ್ರಿ? ಸರ್ಕಾರ ನಿಮಗ ಕಾಯ್ಲಿಕ್ಕಿ ಇಟ್ಟದೋ, ಸುಡ್ಲಿಕ್ಕಿ ಇಟ್ಟದೋ?”

ಅವರ ತಪ್ಪಲ್ಲ. ಬೆಂಕಿ ಕಂಡರೆ ಆರಿಸಬೇಕು ಅನ್ನುವುದು ಎಲ್ಲರ ಕೈಯಲ್ಲೂ ಇರುವ ಬುದ್ಧಿ. ಆದರೆ ನೆತ್ತಿಯ ಮೇಲೆ ಬಂಡೆಗಳ ನಡುವೆ, ಎದುರುಗಾಳಿಯಲ್ಲಿ, ಇಳಿದು ಬರುವ ಬೆಂಕಿಯ ಎದುರಿಗೆ ಮನುಷ್ಯರನ್ನು ಹತ್ತಿಸುವುದೆಂದರೆ ಬಣವೆಯ ಬದಲು ಮಕ್ಕಳನ್ನು ಕೊಡುವುದು. ಮೇಲೆ ಉರಿದರೆ ಹೋಗುವುದೇನು? ಮುಳ್ಳು. ನೀರು ಹೊತ್ತು ಅಲ್ಲಿಗೆ ಮುಟ್ಟುವುದರೊಳಗೆ ಅರ್ಧ ಕೊಡ ನಾವೇ ಕುಡಿದಿರುತ್ತೇವೆ. ನಾನು ಇದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ನನಗೆ ಅನುಮಾನ ಇರಲಿಲ್ಲ. ಅನುಮಾನ ಇದ್ದಿದ್ದರೂ ಅವತ್ತು ತೋರಿಸುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ನನ್ನ ಮಾತು ಮುಗಿಯುವುದರೊಳಗೆ ಒಂದು ಅನಾಹುತ ನಡೆದು ಹೋಗಿತ್ತು. ಬೆಂಕಿ ಬಡಿಯಲು ಹಸಿ ಟೊಂಗೆ ಬೇಕು ಅನ್ನುವುದು ಊರವರಿಗೆ ಗೊತ್ತಿತ್ತು. ಹಸಿ ಟೊಂಗೆ ಹತ್ತಿರದಲ್ಲಿ ಎಲ್ಲಿದೆ? ಸೀತಾಫಲದ ಗಿಡದಲ್ಲಿ! ಗಂಡಸರು ನುಗ್ಗಿ ಮೊದಲ ಸಾಲಿನ ಗಿಡಗಳನ್ನು ಲಟಲಟ ಮುರಿದು, ಆಯುಧಪಾಣಿಗಳಾಗಿ ನಿಂತುಬಿಟ್ಟಿದ್ದರು. ಅಷ್ಟರಲ್ಲಿ ಕಾಕಿ ಬಂದಳು. ಹೊಲದಿಂದ ಓಡಿ ಬಂದವಳು ಮೊದಲು ಗುಡ್ಡ ನೋಡಲಿಲ್ಲ, ಗಿಡ ನೋಡಿದಳು.

“ನಿಮ್ಮ ಕೈಗಿ ಹುಳಾ ಬೀಳ್ಲಿ! ಬೆಂಕಿ ಇನ್ನಾ ಮ್ಯಾಲದ. ಅದು ಬರೂದರೊಳಗ ನೀವೇ ಮುಗಸ್ತೀರೇನ್ರೋ?”

ಅಷ್ಟು ಜನ ಗಂಡಸರು ಟೊಂಗೆಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ನನಗೆ ಆ ಹೊತ್ತಿನಲ್ಲೂ ನಗು ಬಂತು. ಆದರೆ ಅವಳಿಗೆ ನಾನು ಹೇಳಬೇಕಾದ ಮಾತು ಅದಕ್ಕಿಂತ ಕೆಟ್ಟದಿತ್ತು.

“ಕಾಕಿ, ಬಂಡಿ ದಾರಿಯಿಂದ ಮ್ಯಾಲಿನ ಹುಲ್ಲೆಲ್ಲಾ ನಾವೇ ಮೊದಲ ಸುಟ್ಟು ಬಿಡೋಣ್ರಿ. ದೊಡ್ಡ ಬೆಂಕಿ ಇಳದು ಬರೂದರೊಳಗ ಅದಕ್ಕ ತಿನ್ನಲಿಕ್ಕಿ ಏನೂ ಇರಬಾರದು. ಇಲ್ಲಂದ್ರ ಬಣವಿ ಹಿಡೀತದ, ಬಣವಿಯಿಂದ ಮನಿ ಹಿಡೀತದ.”

ಕಾಕಿ ನನ್ನನ್ನೇ ನೋಡಿದಳು. “ಬಂಡಿ ದಾರಿಯಿಂದ ಅಂದ್ರ ನಮ್ದೆಲ್ಲಾ?”

“ಹೌದ್ರಿ.”

“ಬಿಲ್ಕುಲ್ ಆಗಂಗಿಲ್ಲ. ವಡ್ಡಿನ ಮ್ಯಾಲಿಂದು ತಗೋರಿ. ಕೆಳಗಿಂದು ಮುಟ್ಟಬ್ಯಾಡ್ರಿ.”

“ಬಂಡಿ ದಾರಿ ಬರೇ ಮಣ್ಣದ, ಬೆಂಕಿ ಅಲ್ಲೇ ನಿಲ್ತದ. ವಡ್ಡಿನಗುಂಟ ಹುಲ್ಲು ನಿಂತದ. ದಾಟ್ತದ್ರಿ.”

“ಹುಲ್ಲು ನಿಂತದ ಅಂದ್ರ ಕೆರೀರಿ. ಕೆರದು ಮಣ್ಣ ಮಾಡ್ರಿ. ಅರ್ಧ ನಾ ಕೊಡ್ಲತ್ತೀನಿ, ಅರ್ಧ ನೀವು ಉಳಸ್ರಿ.”

ಗುಡ್ಡ ಉರಿಯುತ್ತಿದೆ, ನಾವಿಬ್ಬರೂ ತೊಗರಿ ಚೀಲದ ಮುಂದೆ ನಿಂತವರ ಹಾಗೆ ದರ ಹರಿಯದೆ ನಿಂತಿದ್ದೇವೆ. ಸಿಟ್ಟು ಬಂತು. ಸಿಟ್ಟಿನೊಳಗೇ, ಇವಳು ಕೇಳುತ್ತಿರುವುದು ನ್ಯಾಯ ಅನ್ನುವುದೂ ಹೊಳೆಯಿತು. ಅಷ್ಟು ಉದ್ದ ಗೆರೆ ಕೆರೆಯುವುದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರ ಬಂದದ್ದು ಮಾಣಿಕಪ್ಪನವರಿಂದ. ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದರು. “ಟ್ರ್ಯಾಕ್ಟರ್ ಹತ್ತಂಗಿಲ್ರಿ ಅಲ್ಲಿ, ಕಲ್ಲ ಅದಾವ. ಎತ್ತು ಹತ್ತತಾವ. ಕುಂಟಿ ಹೊಡದ್ರ ಹುಲ್ಲು ಬುಡಾ ಸಮೇತ ಬರ್ತದ.”

ಹೊಲದ ಕಳೆ ಕೆರೆಯುವ ಅಗಲ ಅಲಗಿನ ಕುಂಟೆಯನ್ನು ಗುಡ್ಡಕ್ಕೆ ಹೊಡೆಯಬಹುದೆಂದು ನನ್ನ ಯಾವ ತರಬೇತಿಯಲ್ಲೂ ಬಂದಿರಲಿಲ್ಲ. ಬಂದಿರಲಿಲ್ಲ ಅಂತ ಬಿಡುವ ಪೈಕಿ ನಾನಲ್ಲ. ಸರಿ, ಆದರೆ ಒಂದು ಶರತ್ತು ಅಂದೆ. ಅಲ್ಲಿ ಮೇಲೆ ಆನೆ ಮಲಗಿದ ಹಾಗೆ ಒಂದು ಬಂಡೆ ಇದೆಯಲ್ಲ, ಬೆಂಕಿ ಅಲ್ಲಿಗೆ ಇಳಿಯುವುದರೊಳಗೆ ಗೆರೆ ಮುಗಿಯಬೇಕು. ಮುಗಿಯದಿದ್ದರೆ ಬಂಡಿ ದಾರಿಯಿಂದಲೇ ಹಚ್ಚುತ್ತೇನೆ, ಆಮೇಲೆ ಯಾರು ಏನಂದರೂ ಕೇಳುವುದಿಲ್ಲ. ಕಾಕಿ ಒಪ್ಪಿದಳು. ಒಪ್ಪಿದ್ದು ಬಾಯಲ್ಲಿ ಹೇಳಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಇಳಿಜಾರಿನಲ್ಲಿ ಎತ್ತುಗಳು ಓಡಿದ್ದನ್ನು ನೀವು ನೋಡಬೇಕಿತ್ತು. ಮಾಣಿಕಪ್ಪ ಮುಂದೆ, ಅವರ ಹಿಂದೆ ಊರಿನ ಎಲ್ಲ ಜೋಡಿಗಳು, ಒಂದು ಕುಂಟೆ ಕೆರೆದ ಪಟ್ಟಿಗೆ ಇನ್ನೊಂದು ಪಟ್ಟಿ ಹಚ್ಚುತ್ತ ವಡ್ಡಿನ ಗುಂಟ ಹೊಡೆದವು. ಒಣಹುಲ್ಲು ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬಂತು. ಹಿಂದಿನಿಂದ ಹೆಂಗಸರು ಅದನ್ನು ಎಳೆದು ಮೇಲಿನ ಕಡೆಗೆ ಎಸೆದರು. ಪಡುವಣ ತುದಿಯಲ್ಲಿ ಮಾತ್ರ ಕಲ್ಲು ಹೆಚ್ಚು, ಕುಂಟೆ ಕುಣಿಯತೊಡಗಿತು. ಅಲ್ಲಿ ಕಾಕಿ ಮತ್ತು ಅವಳ ಗುಂಪು ಕಳೆ ಕೀಳುವ ಕುರ್ಪಿ ಹಿಡಿದು ಕೂತರು. ನಾನೂ ಕೂತೆ. ಅಧಿಕಾರಿಯಾಗಿ ನಿಂತು ನೋಡುವುದು ಚೆಂದ, ಆದರೆ ಬೆಂಕಿ ಹುದ್ದೆ ಕೇಳುವುದಿಲ್ಲವಲ್ಲ. ನನ್ನ ಕುರ್ಪಿ ಹಿಡಿತ ನೋಡಿ ಕಾಕಿ, “ಭಾಲ್ಕ್ಯಾಗ ಹೊಲಾ ಇಲ್ಲೇನ್ರಿ?” ಅಂದಳು. ನಾನು ಹಿಡಿತ ಬದಲಿಸಿ ಕೆರೆದೆ.

ಗೆರೆ ಮುಗಿಯಿತು. ಬೆಂಕಿ ಇನ್ನೂ ಬಂಡೆಗೆ ಇಳಿದಿರಲಿಲ್ಲ. ಇನ್ನು ಗೆರೆಯ ಮೇಲಿನ ಹುಲ್ಲಿಗೆ ನಾವೇ ಹಚ್ಚಬೇಕು, ಅದು ಏರಿ ಹೋಗಿ ದೊಡ್ಡದನ್ನು ಎದುರುಗೊಳ್ಳಬೇಕು. “ಕಡ್ಡಿಪೆಟಗಿ ಕೊಡ್ರಿ ಯಾರರ,” ಅಂದೆ.

ಯಾರೂ ಕೊಡಲಿಲ್ಲ.

ಮಾರುತಿ ಬೀಡಿ ಸೇದುವವನಲ್ಲ. ನನ್ನ ಹತ್ತಿರವಂತೂ ಇಲ್ಲ. ಆದರೆ ಎದುರಿಗೆ ನಿಂತವರಲ್ಲಿ ಅರ್ಧ ಜನರ ಕಿವಿಯ ಮೇಲೆ ಬೀಡಿ ಇದೆ, ಜೇಬಿಗೆ ಕೈ ಹಾಕುತ್ತಾರೆ, ಬರಿಗೈ ತೆಗೆಯುತ್ತಾರೆ. ಇಷ್ಟು ದೊಡ್ಡ ಗುಡ್ಡ ಉರಿಯುವ ಊರಲ್ಲಿ ನನಗೆ ಒಂದು ಕಡ್ಡಿ ಬೆಂಕಿ ಸಿಗಲೊಲ್ಲದು! ಇದೇನು ತಮಾಷೆ ಅಂತ ಚೀರಿದೆ. ಮಾಣಿಕಪ್ಪ ನೆಲ ನೋಡುತ್ತ ಹೇಳಿದರು: “ಸಿಡ್ಲ ಬಿದ್ದ ದಿನಾ ಬೆಂಕಿ ಒಬ್ಬರ ಕೈಯಿಂದ ಒಬ್ಬರ ಕೈಗಿ ಹೋಗಬಾರದ್ರಿ. ಕೊಟ್ಟ ಮನೀಗಿ ಸಿಡ್ಲ ಹುಡಕ್ಕೊಂಡು ಬರ್ತದ. ನಮ್ಮ ಹಿರೇರು ಹೇಳ್ಯಾರ. ಎತ್ತು ಕೇಳಿದ್ರಿ, ಕೊಟ್ಟೇವಿ. ಇದೊಂದು ಕೇಳಬ್ಯಾಡ್ರಿ.”

ನಾನು ಬಾಯಿ ತೆರೆಯುವುದರೊಳಗೆ ಕಾಕಿ ಅಲ್ಲಿಂದ ಹೋಗಿಬಿಟ್ಟಿದ್ದಳು. ಅವಳ ಮನೆ ಬಣವೆಗಳ ಪಕ್ಕದಲ್ಲೇ. ಬರುವಾಗ ಒಡೆದ ಮಣ್ಣಿನ ಹಂಚಿನಲ್ಲಿ ಬೂದಿ ಹಾಸಿ, ಅದರ ಮೇಲೆ ಒಲೆಯ ಕೆಂಡ ಇಟ್ಟು, ಕೆಳಗೆ ಹಸಿ ಗೋಣಿ ಹಿಡಿದು ತಂದಳು. ನನ್ನ ಹತ್ತಿರ ಬಂದವಳೇ ಹಂಚನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. “ತಗೋರಿ.”

ನಾನು ಬಗ್ಗಲಿಲ್ಲ.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನನ್ನ ಅಜ್ಜಿಗೆ ನಾವು ಆಯಿ ಅನ್ನುತ್ತಿದ್ದೆವು, ಭಾತಂಬ್ರಾದವಳು. ನಮ್ಮದು ಬೌದ್ಧ ಮನೆತನ. ಬೌದ್ಧರಾಗುವ ಮೊದಲಿನ ದಿನಗಳನ್ನು ಆಯಿ ಹೆಚ್ಚು ಹೇಳುತ್ತಿರಲಿಲ್ಲ. ಹೇಳಿದಾಗ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತಿತ್ತು: ಅವಳಿಗೆ ಕೊಡುವುದನ್ನು ಯಾರೂ ಕೈಗೆ ಕೊಡುತ್ತಿರಲಿಲ್ಲ. ರೊಟ್ಟಿಯಾಗಲಿ, ಉಪ್ಪಾಗಲಿ, ಒಲೆ ಹೊತ್ತಿಸಲು ಒಂದು ಕೆಂಡವಾಗಲಿ, ನೆಲಕ್ಕಿಟ್ಟು ಹಿಂದೆ ಸರಿಯುತ್ತಿದ್ದರು. ಅವಳು ಬಗ್ಗಿ ಎತ್ತಿಕೊಳ್ಳಬೇಕು. ಅಪ್ಪನನ್ನು ಸಾಲೆಗೆ ಕಳಿಸಿದ್ದೂ, ನನ್ನನ್ನು ಓದಿಸು ಅಂತ ಹಟ ಹಿಡಿದದ್ದೂ ಆ ಬಗ್ಗಿದ ಬೆನ್ನೇ. ನನ್ನ ಹೆಗಲ ಮೇಲಿನ ನಕ್ಷತ್ರವನ್ನು ಸೆರಗಿನಿಂದ ಒರೆಸಿ ನೋಡಿ ಸತ್ತಳು.

“ನೆಲಕ್ಕ ಇಟ್ಟಿದ್ದು ನಾ ಎತ್ತಂಗಿಲ್ಲ ಕಾಕಿ,” ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ನಮ್ಮ ಆಯಿ ಎತ್ತಿ ಎತ್ತಿ ಸಾಕಾಗಿ ಹೋಗ್ಯಾಳ. ಕೊಡೂದಿದ್ರ ಕೈಯಾಗ ಕೊಡ್ರಿ. ಇಲ್ಲಂದ್ರ ಬ್ಯಾಡ.”

ಮೇಲೆ ಹುಲ್ಲು ಚಟಪಟ ಸಿಡಿಯುವುದು ಕೇಳುತ್ತಿತ್ತು. ಮಾಣಿಕಪ್ಪ, “ಅದು ಹಂಗಲ್ರಿ ಮೇಡಮ್, ಕೊಡಲೇಬೇಕಾದ್ರ ಎಲ್ಲಾರಿಗೂ ಹಂಗೇ ಇಡ್ತೇವಿ, ನೆಲಕ್ಕಿಟ್ರ ದೋಷ ನೆಲಕ್ಕ ಹೋಗ್ತದ,” ಅಂತ ತೊದಲಿದರು. ಇರಬಹುದು. ಅದು ಎಲ್ಲರಿಗೂ ಇದ್ದ ಪದ್ಧತಿಯೇ ಇರಬಹುದು. ಆದರೆ ನನ್ನ ಬೆನ್ನು ಅವತ್ತು ಬಗ್ಗಲು ತಯಾರಿರಲಿಲ್ಲ, ಊರು ಸುಟ್ಟರೂ ಸರಿ ಅನ್ನುವಷ್ಟು. ಇದು ತಪ್ಪು ಅಂತ ನೀವು ಅಂದರೆ ನಾನು ನಿಮ್ಮ ಜೊತೆ ವಾದ ಮಾಡುತ್ತೇನೆ.

ಕಾಕಿ ಮಾಣಿಕಪ್ಪನವರ ಕಡೆ ನೋಡಲೇ ಇಲ್ಲ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ ಹಂಚು ಎತ್ತಿಕೊಂಡಳು.

“ನೆಲಕ್ಕ ಇಡದಿದ್ರ ದೋಷ ಕೊಟ್ಟೋರಿಗಿ ಅರ್ಧ, ತಗೊಂಡೋರಿಗಿ ಅರ್ಧ ಅಂತಾರ ತಾಯಿ. ಹಿಡಿ. ಇಬ್ರೂ ಪಾಲ ಮಾಡ್ಕೊಳ್ಳೋಣ.”

ಹಸಿ ಗೋಣಿಯ ಸಮೇತ ಹಂಚನ್ನು ನನ್ನ ಎರಡೂ ಕೈಯಲ್ಲಿಟ್ಟಳು. ಒಂದು ಗಳಿಗೆ ಅವಳ ಕೈಯೂ ನನ್ನ ಕೈಯೂ ಅದರ ಕೆಳಗೆ ಕೂಡಿಯೇ ಇದ್ದವು. ನನಗೆ ಅಳು ಬಂತು. ಹೊಗೆಯ ನೆಪ ಹೇಳಲು ಹೋಗಲಿಲ್ಲ. ಇನ್ನೊಂದು, ಅವಳು ನನಗೆ ಮೇಡಮ್ಮೋರ ಅನ್ನುವುದನ್ನೂ ಮಾತಿಗೊಮ್ಮೆ ‘ರಿ’ ಹಚ್ಚುವುದನ್ನೂ ಬಿಟ್ಟದ್ದು ಆಗಲೇ.

ಹುಲ್ಲಿನ ಸಿವುಡು ಕಟ್ಟಿ ಎಲ್ಲರನ್ನೂ ಗೆರೆಯ ಉದ್ದಕ್ಕೆ ನಿಲ್ಲಿಸಿದೆ. ಹಚ್ಚುವುದು ಸುಲಭ, ಕಾಯುವುದು ಕಷ್ಟ. ದೊಡ್ಡ ಬೆಂಕಿ ಹತ್ತಿರ ಬಂದಾಗ ಗಾಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅಲ್ಲಿಯ ತನಕ ಹೊಗೆ ನಮ್ಮ ಮುಖಕ್ಕೆ ಬರುತ್ತದೆ, ಆಮೇಲೆ ಒಮ್ಮೆಲೇ ಗುಡ್ಡದ ಕಡೆಗೆ ವಾಲುತ್ತದೆ. ಆ ವಾಲುವ ಗಳಿಗೆಗೆ ಮೊದಲೇ ಹಚ್ಚಿದರೆ ನಮ್ಮ ಬೆಂಕಿ ನಮ್ಮ ಮೇಲೇ ಬರುತ್ತದೆ. ಬೆಂಕಿ ಬಂಡೆಗೆ ಇಳಿಯಿತು, ಬಂಡೆ ದಾಟಿತು. “ಹಚ್ಚೂನೇನ್ರಿ, ಹಚ್ಚೂನೇನ್ರಿ” ಅಂತ ಸಾಲಿನ ತುಂಬ ಗುಸುಗುಸು. ಇನ್ನೂ ಬೇಡ ಅಂದೆ. ಮುಖ ಬೇಯುತ್ತಿತ್ತು. ಆಮೇಲೆ ಹೊಗೆ ನಿಂತಲ್ಲೇ ನಿಂತು, ಮೆಲ್ಲಗೆ, ಮೇಲಕ್ಕೆ ವಾಲಿತು.

ನಾನು ಸಿವುಡಿಗೆ ಕೆಂಡ ಹಿಡಿದು ಬಗ್ಗುವುದರೊಳಗೆ ಕಾಕಿ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು. “ನಮ್ಮ ಹುಲ್ಲು. ನಾವೇ ಹಚ್ತೇವಿ,” ಅಂದಳು. ಬಿಸಿಲು, ಮಳೆ, ಆಡು ಕಾಯುವವರ ಬೈಗುಳ ಎಲ್ಲವನ್ನೂ ತಿಂದು ಬೆಳೆಸಿದ್ದ ಹುಲ್ಲಿಗೆ ತಾನೇ ಬೆಂಕಿ ಇಟ್ಟು, ಗೆರೆಯ ಗುಂಟ ಹಿಂದೆ ನೋಡದೆ ನಡೆದಳು.

ಎರಡು ಬೆಂಕಿ ಎದುರಾಗುವುದನ್ನು ಹತ್ತಿರದಿಂದ ನೋಡಿದವರು ಅದನ್ನು ಬಣ್ಣಿಸಲು ಹೋಗುವುದಿಲ್ಲ. ಮನೆಗಿಂತ ಎತ್ತರ ಎದ್ದವು, ರೈಲು ಬಂದಂಥ ಸದ್ದು, ಎತ್ತುಗಳು ಕಣ್ಣಿ ಹರಿದುಕೊಂಡು ಓಡಿದವು. ಆಮೇಲೆ ಎರಡೂ ಬೆಂಕಿ ತಿನ್ನಲು ಏನೂ ಇಲ್ಲದೆ ಕೂತುಬಿಟ್ಟವು. ಅಷ್ಟರಲ್ಲಿ ಕಿಡಿಯೊಂದು ಗೆರೆ ದಾಟಿ ಸೀತಾಫಲದ ಸಾಲಿನಲ್ಲಿ ಬಿತ್ತು, ಬುಡದ ಹುಲ್ಲು ಹತ್ತಿತು. ಕಾಕಿ ಅಲ್ಲಿಂದಲೇ ಗಂಡಸರಿಗೆ ಕೂಗಿದಳು: “ಕಡದದ್ದಂತೂ ಕಡದೀರಿ, ಈಗರ ಬಡೀರೋ!” ಬೆನ್ನ ಹಿಂದೆ ಮುಚ್ಚಿಟ್ಟಿದ್ದ ಟೊಂಗೆಗಳೆಲ್ಲ ಹೊರಗೆ ಬಂದವು. ಅಷ್ಟು ಹುರುಪಿನಿಂದ ಬಡಿದರೆಂದರೆ, ಆ ಗಿಡಗಳ ಮೇಲೆ ಬೆಂಕಿಗಿಂತ ಹೆಚ್ಚು ಪೆಟ್ಟು ಬಿದ್ದಿರಬೇಕು.

ಹೊತ್ತು ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆ ಉಳಿದವು, ಬಣವೆ ಉಳಿದವು, ವಡ್ಡಿನ ಕೆಳಗಿನ ಅರ್ಧ ಉಳಿಯಿತು. ಮೇಲಿನ ಅರ್ಧ ಕರ್ರಗೆ ಬಿದ್ದಿತ್ತು. ಯಾರೋ ಮಜ್ಜಿಗೆ ತಂದರು. ಕಾಕಿ ಕುಡಿಯಲಿಲ್ಲ, ವಡ್ಡಿನ ಮೇಲೆ ಕೂತು ಆ ಕರಿ ನೆಲ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, “ಮಳಿಗಾಲಕ್ಕ ಮತ್ತ ಬರ್ತದ ಕಾಕಿ,” ಅಂದೆ. ಇಲಾಖೆಯವರು ಹೇಳುವ ಮಾತು.

“ಬರ್ತದ. ಅದು ಎಮ್ಮಿಗೂ ಗೊತ್ತದ. ನಾಳಿ ಮುಂಜಾನಿ ಅದರ ಮುಂದ ಏನ್ ಹಾಕ್ಲಿ, ಅದು ಹೇಳು.”

ಮಾಣಿಕಪ್ಪ ಎತ್ತು ಹಿಡಿದುಕೊಂಡು ಹೋಗುತ್ತಿದ್ದವರು ನಿಂತರು. “ಕಾಶೀ, ನನ್ನ ಬಣವಿ ನಿಂತದಲ್ಲ. ಮಳಿ ಬೀಳೂತನಕ ದಿನಾ ಒಯ್ಯಿ,” ಅಂದು ಮುಂದೆ ನಡೆದರು. ಆಮೇಲೆ ಕಾಕಿ ಮಜ್ಜಿಗೆ ಕುಡಿದಳು.

ಅಲ್ಲಿಂದ ಆ ಊರಲ್ಲಿ ಒಂದು ಹೊಸ ರೂಢಿ ಬಂತು. ಚಳಿ ಮುಗಿಯುತ್ತಿದ್ದ ಹಾಗೆ, ಇಬ್ಬನಿ ಇನ್ನೂ ಬೀಳುವಾಗಲೇ, ಎತ್ತು ಹೂಡಿ ವಡ್ಡಿನ ಗುಂಟ ಕುಂಟೆ ಹೊಡೆಯುತ್ತಾರೆ. ಗೆರೆಯ ಮೇಲೆ ಸ್ವಲ್ಪ ಅಗಲಕ್ಕೆ ಹುಲ್ಲನ್ನು ತಾವೇ ಸುಡುತ್ತಾರೆ. ಮೊದಮೊದಲು ನಾನು ನಿಂತು ಮಾಡಿಸುತ್ತಿದ್ದೆ. ಸಿಡಿಲಿನ ಬೆಂಕಿ ಆಮೇಲೆಯೂ ಬಂದಿದೆ, ಗುಡ್ಡ ಅಂದ ಮೇಲೆ ಬರುತ್ತದೆ. ಪ್ರತಿ ಸಲ ಫೋನು, ಪ್ರತಿ ಸಲ ನಾನು ಓಡುವುದು, ವಡ್ಡಿನ ಮೇಲೆ ನಿಂತು ಕೂಗಾಡುವುದು. ಔರಾದದಿಂದ ವರ್ಗವಾಗಿ ಬೀದರಕ್ಕೆ ಬಂದ ಮೇಲೂ ಹೋದೆ. ನಿವೃತ್ತಿಯಾದ ಮೇಲೂ ಬಸ್ಸು ಹಿಡಿದು ಹೋದದ್ದಿದೆ. ನಾನಿಲ್ಲದೆ ಆ ಗುಡ್ಡಕ್ಕೆ ದಿಕ್ಕಿಲ್ಲ ಅಂತ ನನಗೆ ಖಾತ್ರಿಯಿತ್ತು. ಮನೆಯವರು ನಗುತ್ತಾರೆ, ನಗಲಿ.

ಹಾಗಾಗಿ ಇವತ್ತು ಶಾವಿಗೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಮಾಳಿಗೆಯಿಂದ ಫೋನು ಹಚ್ಚಿದೆ. ಬಹಳ ಹೊತ್ತು ಬಡಿದುಕೊಂಡ ಮೇಲೆ ಕಾಕಿ ಎತ್ತಿದಳು. ಹಿಂದೆ ಹೆಂಗಸರ ಮಾತು, ಗಾಳಿಯ ಸದ್ದು.

“ಕಾಕಿ, ಸಿಡ್ಲ ಎಲ್ಲಿ ಬಿತ್ರಿ?”

“ನಮ್ಮ ಗುಡ್ಡದ ಮ್ಯಾಗೇ ಬಿದ್ದದ. ಉರೀಲತ್ತದ.”

“ಉರೀಲತ್ತದ? ಮತ್ತ ನೀವು ಏನ್ ಮಾಡ್ಲತ್ತೀರಿ?”

“ನೋಡ್ಲತ್ತೀವಿ.”

ಫಾರೆಸ್ಟ್ ಆಫೀಸಿಗೆ ಹೇಳಿದ್ದೀರಾ ಅಂತ ಕೂಗಿದೆ.

“ಹೇಳೀವಿ. ಗಾರ್ಡ ಬಂದಾನ. ಹೊಸಾ ಹುಡುಗ, ಮ್ಯಾಲ ಹತ್ತೂನು ಅಂದ. ಏ ತಮ್ಮಾ, ತಲಿ ಮ್ಯಾಲಿಂದು ಉರೀಲಿ, ಕೆಳಗ ಹಿಡಿಯೋಣ ಅಂತ ಹೇಳಿ ಕುಂದರ್ಸೀನಿ.”

“ನಾ ಈಗ ಬಸ್ ಹಿಡದು ಬರ್ತೇನಿ.”

“ನೀ ಯಾಕ ಬರ್ತಿ? ಈ ವಯಸ್ಸಿನ್ಯಾಗ ಎಡವಿ ಬಿದ್ರ ನಾವು ಬೆಂಕಿ ನೋಡೂನೋ, ನಿನ್ನ ನೋಡೂನೋ?”

“ಅಲ್ಲ ಕಾಕಿ, ಗಾಳಿ ತಿರಗಿದ್ರ?”

“ತಿರಗ್ತದ. ನಾವೂ ತಿರಗ್ತೀವಿ. ಇಡು ಫೋನ. ಚಾರ್ಜ್ ಇಲ್ಲ.”

ಇಟ್ಟೇ ಬಿಟ್ಟಳು. ನಾನು ಫೋನನ್ನು ಹಿಡಿದುಕೊಂಡು ನಿಂತೆ. ಮೊದಲು ಸಿಟ್ಟು ಬಂತು, ನನಗಿಂತ ಹಿರಿಯಳು ನನ್ನ ವಯಸ್ಸಿನ ಮಾತಾಡುತ್ತಾಳಲ್ಲ ಅಂತ. ಆಮೇಲೆ ಬಂದದ್ದಕ್ಕೆ ಏನು ಹೆಸರಿಡಲಿ? ಆ ಹುಡುಗನನ್ನು ಅವಳು ಕೂರಿಸಿದ್ದು ನನ್ನದೇ ಮಾತಿನಿಂದ. ಉತ್ತರಕ್ಕೆ ಮೋಡದ ಅಡಿ ಕೆಂಪಗೆ ಇದ್ದ ಹಾಗೆ ಕಂಡಿತು. ಬೆಂಕಿಯೋ, ಮುಳುಗಿದ ಹೊತ್ತಿನ ಬೆಳಕೋ, ಇಷ್ಟು ದೂರದಿಂದ ಹೇಳಲು ಬರುವುದಿಲ್ಲ. ಅಲ್ಲಿ ನಿಂತವರಿಗೆ ಗೊತ್ತು, ಸಾಕು.

ಕೆಳಗಿಳಿದೆ. ಸೊಸೆ ರೊಟ್ಟಿ ಬಡಿಯುತ್ತಿದ್ದಳು. ತಾಟು ಎಳೆದುಕೊಂಡು ಅವಳ ಮುಂದೆ ಕೂತು, “ಹಾಕವ್ವಾ, ಹಸಿವಾಗ್ಯಾದ,” ಅಂದೆ. ಮಳೆಯಿಲ್ಲದ ಸಿಡಿಲು ಬಿದ್ದ ದಿನ ನಾನು ಕೂತು ಹೊಟ್ಟೆ ತುಂಬ ಉಂಡದ್ದು ಇದೇ ಮೊದಲು.